ಅಣ್ಣನ ಕಾರಿನ ಹಿಂದಿನ ಸೀಟು

ಆ ದಿನವೂ ಅಣ್ಣ ಯಾದಗಿರಿಯ ಆಸ್ಪತ್ರೆ ಗೇಟಿನ ಮುಂದೆ ಕಾರು ನಿಲ್ಲಿಸಿ, ಹಿಂದಿನ ಬಾಗಿಲು ತೆರೆದು, "ಅವ್ವಾ, ನೀ ಈ ಕಡಿ ಕುಂದ್ರು, ನನ್ನ ಹಿಂದ" ಎಂದ. ಡಯಾಲಿಸಿಸ್ ಮುಗಿಸಿ ಸುಸ್ತಾಗಿದ್ದ ಅವ್ವ, "ದಿನಾ ಹೇಳ್ತೀಯಲ್ಲೋ, ನನಗೇನು ಕಣ್ಣಿಲ್ಲೇನು?" ಎಂದು ಬೈಯುತ್ತಲೇ ಹತ್ತಿದಳು. ಶಹಾಪುರದಲ್ಲಿ ಮಿರ್ಚಿ ಭಜಿ ಕಟ್ಟಿಸಿಕೊಂಡೆವು. ಸುರಪುರದ ಮನೆ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಮರುದಿನ ಬೆಳಿಗ್ಗೆ ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತ ಅಣ್ಣ ಮತ್ತೆ ಏಳಲಿಲ್ಲ…

ಲಾರಿ ಗುದ್ದಿ ಹಿಂಭಾಗ ಜಜ್ಜಿಹೋಗಿದ್ದ ಕಾರನ್ನು ತಂದು ಅವನೇ ಎಬ್ಬಿಸಿ ನಿಲ್ಲಿಸಿದ್ದ. ಗುಜರಿ ಅಂಗಡಿಗಳನ್ನೆಲ್ಲ ತಿರುಗಿ, ಒಂದು ಗಾಡಿಯ ಬಾಗಿಲು, ಇನ್ನೊಂದರ ಪೆಟ್ರೋಲ್ ಟ್ಯಾಂಕು, ಮತ್ತೊಂದರ ವೈರು ಕೂಡಿಸಿದ್ದ. ಬೇರೆಯವರ ಕೈ ಅದಕ್ಕೆ ತಾಗಗೊಡುತ್ತಿರಲಿಲ್ಲ. ಊಟಕ್ಕೆ ಕುಳಿತರೂ ಅವನ ಬೆರಳಿಗೆ ಇನ್ಸುಲೇಷನ್ ಟೇಪಿನ ವಾಸನೆ.

ತಂಗಿಯಾದ ನನಗೆ ಓಡಿಸಲು ಅವನೇ ಕಲಿಸಿದ್ದರಿಂದ ಕಾರು ನನ್ನ ಪಾಲಿಗೆ ಬಂತು. ಅವ್ವ ಮಾತ್ರ ನನ್ನ ಹಿಂದೆ ಕೂಡಲು ಒಪ್ಪಲಿಲ್ಲ. "ಅಲ್ಲಿ ಕುಂತ್ರ ಮುಂದ ಅವನ ಬೆನ್ನ ಕಾಣ್ತದ" ಎಂದು ಎಡಗಡೆ ಸರಿದು ಕುಳಿತಳು.

ಮೊದಲ ವಾರವೇ ಭೀಮಾ ಸೇತುವೆಯ ಈಚೆ ಕಾರು ನಿಂತಿತು. ಅವ್ವನನ್ನು ಜಾಲಿಯ ನೆರಳಿಗೆ ಕೂಡಿಸಿ ಬಂದು ಕೀಲಿ ತಿರುವಿದರೆ ಶುರುವಾಯಿತು. ಹತ್ತಿಸಿಕೊಂಡು ಹೊರಟೆ. ಒಂದು ತಗ್ಗು ಬಂದದ್ದೇ ತಡ, ಮತ್ತೆ ನಿಂತಿತು. ಪ್ರತಿ ಸಲವೂ ಹೀಗೇ. ಒಮ್ಮೆ ತಡವಾಗಿ ಮುಟ್ಟಿ ಅವ್ವನ ಡಯಾಲಿಸಿಸ್ ಸರದಿಯೇ ತಪ್ಪಿತು. ಕಾಲು ಬಾತವು, ಮಲಗಿದರೆ ಉಸಿರು ಕಟ್ಟತೊಡಗಿತು. ಸತ್ತವರನ್ನು ಬೈಯಬಾರದು ಅನ್ನುತ್ತಾರೆ. ಆ ರಸ್ತೆಯಲ್ಲಿ ನಿಂತು ನಾನು ಅಣ್ಣನನ್ನು ಬೇಕಾದಷ್ಟು ಬೈದೆ.

ಸುರಪುರದ ಕಾರು ಎಲೆಕ್ಟ್ರಿಷಿಯನ್ ಫ್ಯೂಸ್ ಬದಲಿಸಿದ, ರಿಲೇ ಬದಲಿಸಿದ, ಬ್ಯಾಟರಿಯ ತುದಿ ಉಜ್ಜಿದ. ಕರೆಂಟ್ ಇದೆಯೇ ಎಂದು ನೋಡುವ ಟೆಸ್ಟ್ ಲ್ಯಾಂಪ್ ಹಿಡಿದಲ್ಲೆಲ್ಲ ಹತ್ತುತ್ತಿತ್ತು.

"ಅಕ್ಕಾರ, ನಿಮ್ಮ ಗಾಡಿ ನನ್ನ ಕಂಡ್ರ ಅಂಜತದ್ರಿ. ಇಲ್ಲಿ ಬಂದ ಕೂಡ್ಲೇ ಶಾಣ್ಯಾ ಆಗ್ತದ."

"ಹಂಗಂದ್ರ ನೀವೇ ದಿನಾ ಯಾದಗಿರಿಗೆ ಬರ್ರಿ ನಮ್ಮ ಜೋಡಿ" ಎಂದೆ, ಸಿಟ್ಟಿನಿಂದ.

"ಇದು ಒಂದು ಗಾಡಿ ಅಲ್ರೀ, ನಾಕು ಗಾಡಿ ಕೂಡು ಸಂಸಾರ. ಯಾರು ಯಾರ ಮ್ಯಾಲ ಮುನಿಸಿಕೊಂಡಾರ ಅಂತ ನಾ ಹೆಂಗ ಹುಡುಕಲಿ?"

ಮುಂದಿನ ಸಲ ಆಸ್ಪತ್ರೆಗೆ ಹೊರಟವಳು ಅವನಲ್ಲಿಗೇ ಮೊದಲು ಹೋದೆ. ಅವ್ವನಿಗೆ ಇಳಿಯಲು ತ್ರಾಣವಿರಲಿಲ್ಲ, ಸೀಟಿನಲ್ಲೇ ಒರಗಿದ್ದಳು. ಎಂಜಿನ್ ಓಡುತ್ತಿತ್ತು. ಅವ್ವ ಕೆಮ್ಮಿ ಮೈ ಹೊರಳಿಸಿದಳು. ಎಂಜಿನ್ ನಿಂತಿತು.

ಎಲೆಕ್ಟ್ರಿಷಿಯನ್ ತಲೆ ಎತ್ತಿದ. ಮತ್ತೆ ಚಾಲೂ ಮಾಡಿಸಿ, "ಯವ್ವಾ, ಇನ್ನೊಮ್ಮಿ ಅಳ್ಳಾಡ್ರಿ" ಎಂದ.

"ಯಾಕಪ್ಪಾ, ಕುಣೀ ಅಂತೀಯೇನು ನನಗ?" ಎಂದು ಅವ್ವ ಕದಲಿದಳು. ಮತ್ತೆ ನಿಂತಿತು.

ಅವ್ವನನ್ನು ಇಳಿಸಿ ಸೀಟು ಎತ್ತಿದರು. ಪೆಟ್ರೋಲ್ ಪಂಪಿಗೆ ಕರೆಂಟ್ ಒಯ್ಯುವ ವೈರು ಅಲ್ಲಿತ್ತು. ಎರಡು ಗಾಡಿಗಳ ವೈರು ಸೇರಿಸಿದ ಗಂಟು, ಟೇಪು ಸಡಿಲಾಗಿ, ಸರಿಯಾಗಿ ಎಡಗಡೆಯ ಸೀಟಿನ ಕಬ್ಬಿಣದ ಕೆಳಗೆ. ಮೇಲೆ ಯಾರಾದರೂ ಕುಳಿತು ಅಲುಗಿದರೆ ಗಂಟು ಬಿಟ್ಟು ಪಂಪಿಗೆ ಕರೆಂಟ್ ತಪ್ಪುತ್ತಿತ್ತು. ಅಂಗಡಿಗೆ ನಾನು ತರುತ್ತಿದ್ದದ್ದು ಖಾಲಿ ಕಾರು. ಬಲಗಡೆಯ ಸೀಟಿನ ಕೆಳಗೆ ಯಾವ ವೈರೂ ಇರಲಿಲ್ಲ.

ಅಣ್ಣನಿಗೆ ಗೊತ್ತಿತ್ತು… ನಾಳೆ ಸೀಟು ಬಿಚ್ಚಿ ಸರಿಮಾಡಿದರಾಯಿತು ಎಂದು ಮುಂದೂಡುತ್ತ, ಅಲ್ಲಿಯವರೆಗೆ ಅವ್ವನನ್ನು ಬಲಕ್ಕೆ ಕೂಡಿಸುತ್ತಿದ್ದ. ತಾಯಿ ಬೆನ್ನ ಹಿಂದೆಯೇ ಇರಲಿ ಎನ್ನುವ ಪ್ರೀತಿ ಎಂದುಕೊಂಡಿದ್ದೆವು. ಅದೂ ಇದ್ದೀತು…

ಹೊಸ ವೈರು ಹಾಕಿಸಿದ ಮೇಲೆ ಕಾರು ದಾರಿಯಲ್ಲಿ ನಿಂತಿಲ್ಲ. ಅವ್ವನ ಉಸಿರೂ ಹಗುರಾಗಿದೆ. ಈಗ ಅವಳು ಯಾವ ಕಡೆ ಬೇಕಾದರೂ ಕೂಡಬಹುದು. ಆಸ್ಪತ್ರೆಯ ಗೇಟಿನಲ್ಲಿ ನಾನು ಹಿಂದಿನ ಬಾಗಿಲು ತೆರೆದಾಗ ಮಾತ್ರ ಕೂಡಲೇ ಹತ್ತುವುದಿಲ್ಲ, ತುಸು ಹೊತ್ತು ನಿಲ್ಲುತ್ತಾಳೆ. ಈ ಕಡೆ ಕೂಡು ಎಂದು ಹೇಳುವವನು ಇಲ್ಲ.