ಅಕ್ಕ ಹೊಕ್ಕುಬಂದ ಮನೆಗಳು

ನನ್ನ ಕಾಲುಗಳಿಗೆ ಬಾಯಿ ಇದ್ದಿದ್ದರೆ ಆ ಭಾನುವಾರ ಅಕ್ಕನನ್ನು ಚೆನ್ನಾಗಿ ಬೈಯುತ್ತಿದ್ದವು. ವಾರವಿಡೀ ಹಾವೇರಿಯ ಶಾಲೆಯಲ್ಲಿ ನಿಂತು ಪಾಠ ಮಾಡಿ ಸೋತವಳು ನಾನು. ರಜೆಯ ದಿನ ಮಲಗೋಣವೆಂದರೆ ಬ್ಯಾಡಗಿಯಿಂದ ಅವಳ ಫೋನು.

“ರಾಣೆಬೆನ್ನೂರಿಗೆ ಬಾ. ದೊಡ್ಡ ಊರು, ಆರಾಮ ಅಡ್ಡಾಡೂಣು. ನಿನ್ನ ಕೂಡ ಮಾತಾಡೂದೈತಿ.”

ವಿಷಯ ನನಗೆ ಗೊತ್ತಿತ್ತು. ಭಾವ ತೀರಿಕೊಂಡು ವರ್ಷಗಳೇ ಆಗಿದ್ದವು. ಅಕ್ಕನ ಕಚೇರಿಯಲ್ಲಿದ್ದ, ಹೆಂಡತಿಯನ್ನು ಕಳೆದುಕೊಂಡ ಒಬ್ಬರು ಅವಳನ್ನು ಮದುವೆಯಾಗುತ್ತೀಯಾ ಎಂದು ಕೇಳಿದ್ದರು. ಈ ವಯಸ್ಸಿನಲ್ಲಿ ಇದೆಂಥ ಉಸಾಬರಿ! ಹೂಂ ಅನ್ನಲೋ ಬೇಡವೋ ಎಂದು ಕೇಳಲು ಕರೆದಿದ್ದಾಳೆ ಅಂದುಕೊಂಡು, ಅವಳಿಗೆ ಹೇಳಬೇಕಾದ ಬುದ್ಧಿಮಾತನ್ನೆಲ್ಲ ಬಸ್ಸಿನಲ್ಲೇ ಹೊಂದಿಸಿಕೊಂಡೆ.

ಬಸ್ ಸ್ಟ್ಯಾಂಡಿನಿಂದ ನಡೆಯತೊಡಗಿದೆವು. ಸೀರೆ ಅಂಗಡಿಗಳನ್ನು ನೋಡುತ್ತ, ನಾನು ಮಾತು ತೆಗೆಯುವಷ್ಟರಲ್ಲಿ ಅವಳು ಒಂದು ಓಣಿಗೆ ತಿರುಗಿದಳು. “ಚಿಗವ್ವನ ಮನಿ ಇಲ್ಲೇ ಐತಿ, ಬಾ.”

ಅಲ್ಲಿ ಒಗ್ಗರಣೆ ಅವಲಕ್ಕಿ, ಚಹಾ. ಅಲ್ಲಿಂದ ಸೋದರತ್ತೆಯ ಮನೆ, ಮತ್ತೆ ಚಹಾ. ಆಮೇಲೆ ಊರಿನ ಇನ್ನೊಂದು ತುದಿಗೆ, ಭಾವನ ತಂಗಿಯ ಮನೆಗೆ. ಆಟೋ ಹತ್ತೋಣವೆಂದರೆ ಕೇಳಲೊಲ್ಲಳು. ಹೊಟ್ಟೆ ತುಂಬ ಚಹಾ, ನೆತ್ತಿಯ ಮೇಲೆ ಬಿಸಿಲು. ಬಳಗ ಇರುವ ಊರಿಗೆ ಸುಮ್ಮನೆ ಅಡ್ಡಾಡಲು ಬಂದ ನನಗೇ ಬುದ್ಧಿ ಇರಲಿಲ್ಲ.

ಹೊರಡುವಾಗ ಎಲ್ಲ ಮನೆಯಲ್ಲೂ ನನ್ನನ್ನು ನಿಲ್ಲಿಸಿ ಕುಂಕುಮ ಹಚ್ಚಿದರು. ಅಕ್ಕನಿಗೆ ಹಚ್ಚುವಂತಿಲ್ಲ. ಕುಂಕುಮದ ಬಟ್ಟಲು ಒಳಗಿನಿಂದ ಬರುವಷ್ಟರಲ್ಲಿ ಅವಳು ತಾನಾಗಿಯೇ ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು. ಆದರೂ ಎಲ್ಲರ ಕೈ ಹಿಡಿದುಕೊಂಡು ಮಾತಾಡಿದಳು. ಚಿಗವ್ವನ ಕಾಲಿಗೆ ಬಿದ್ದಳು, ಹಬ್ಬವಿಲ್ಲ ಹುಣ್ಣಿಮೆಯಿಲ್ಲ!

ಸಂಜೆ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಸಿದು ಕೂತಾಗ ನನಗೆ ಸಿಟ್ಟು ತಡೆಯಲಾಗಲಿಲ್ಲ.

“ಹುಚ್ಚ ಹಿಡದೈತೇನ ನಿನಗ? ಮಾತಾಡೂದೈತಿ ಅಂತ ಕರದು ಮನಿಮನಿ ತಿರುಗಿಸಿದಿ. ನಿನ್ನ ಆಫೀಸಿನವರಿಗೆ ಏನ ಹೇಳಾಕಿ, ಅದನ್ನರ ಹೇಳು.”

“ಹೂಂ ಅಂದೇನಿ. ಮೊನ್ನೆನ ಹೇಳಿಬಿಟ್ಟೆ.”

“ಮತ್ತ ನನ್ನ ಯಾಕ ಕರದಿ?”

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. “ಸುದ್ದಿ ಗೊತ್ತಾತಂದ್ರ ಈ ಮಂದಿ ನನ್ನ ಒಳಗ ಕರೀತಾರೋ ಇಲ್ಲೋ. ಅದಕ್ಕ ಎಲ್ಲಾರ ಮನಿ ಚಾ ಒಮ್ಮೆ ಕುಡದು ಬರೂಣು ಅಂತ. ಒಬ್ಬಾಕಿ ಹೋಗಿದ್ರ ಅಳು ಬರ್ತಿತ್ತು.”

ಬಸ್ಸಿನಲ್ಲಿ ಹೊಂದಿಸಿಕೊಂಡ ಬುದ್ಧಿಮಾತು ಇನ್ನು ಯಾವುದಕ್ಕೂ ಬೇಕಿರಲಿಲ್ಲ. ದಿನವಿಡೀ ಅವಳ ಪಕ್ಕದಲ್ಲೇ ನಡೆದಿದ್ದೆ, ನನ್ನ ಕಾಲುನೋವಿನ ಆಚೆ ಏನೂ ಕಂಡಿರಲಿಲ್ಲ.

ಹಾವೇರಿಯ ಬಸ್ಸು ಬಂತು. ನಾನು ಏಳಲಿಲ್ಲ.

“ನಿನ್ನ ಮನಿ ಒಂದ ಉಳೀತು ನೋಡು,” ಅಂದಳು ನೆಲ ನೋಡುತ್ತ. ನನ್ನ ಮನೆಯಲ್ಲಿರುವ ಅತ್ತೆಯ ಬಾಯಿ ಎಂಥದೆಂದು ಅವಳಿಗೆ ಗೊತ್ತು. “ಬರೂ ವಾರ ಬರ್ಲೇನು?”

“ಬ್ಯಾಡ,” ಅಂದೆ. “ಮದುವಿ ಆದಮ್ಯಾಲ ಬಾ. ಅವರನ್ನೂ ಕರಕೊಂಡು ಬಾ.”