ಒಗ್ಗರಣೆಯ ಪರೀಕ್ಷೆ ಮತ್ತು ನನ್ನ ಗಡ್ಡ

ಒಗ್ಗರಣೆಗೆ ಒಣಮೆಣಸಿನಕಾಯಿ ಬಿದ್ದ ಕೂಡಲೇ ನಮ್ಮ ಮನೆಯಲ್ಲಿ ಮೊದಲು ಸೀನುವವನು ನಾನು. ಎಷ್ಟು ದೂರ ಕೂತಿದ್ದರೂ ಆ ಘಾಟು ಉಳಿದವರನ್ನೆಲ್ಲ ಬಿಟ್ಟು ನನ್ನನ್ನೇ ಹುಡುಕಿಕೊಂಡು ಬರುತ್ತದೆ. ನಾಸಿಕದ ಈ ಸೂಕ್ಷ್ಮತೆ ಸುಸಂಸ್ಕೃತರ ಲಕ್ಷಣವೆಂದು ನಾನು ನಂಬಿದ್ದೆ. ಹೆಂಡತಿ ಅದನ್ನು ಬರೀ ನಾಟಕ ಎನ್ನುತ್ತಿದ್ದಳು.

ಕಳೆದ ಚಳಿಗಾಲದಲ್ಲಿ ಈ ಸುಸಂಸ್ಕೃತ ಮೂಗಿಗೆ ನೆಗಡಿ ಹಿಡಿಯಿತು. ಅದೇ ಹೊತ್ತಿಗೆ ಹರಪನಹಳ್ಳಿಯಲ್ಲಿರುವ ನನ್ನ ಅಕ್ಕನಿಗೆ ಕ್ಯಾನ್ಸರಿನ ಚಿಕಿತ್ಸೆ ನಡೆದಿತ್ತು. ಸಾದಾ ನೆಗಡಿಯೂ ಅವಳ ಜೀವಕ್ಕೆ ಕುತ್ತಾದೀತೆಂದು ಡಾಕ್ಟರು ಎಚ್ಚರಿಸಿದ್ದರು. ಅಕ್ಕನದು ಮಾತ್ರ ದಿನಾ ಫೋನು: "ಯಾವಾಗ ಬರ್ತೀಯಲೇ? ಸೋಮವಾರ ಮತ್ತ ದವಾಖಾನಿಗೆ ಹೊಂಟೀನಿ, ಅದರೊಳಗ ಮಾರಿ ತೋರ್ಸು." ಚೀಲ ಹಿಡಿದು ನಮ್ಮೂರು ಕೊಟ್ಟೂರಿನ ಬಸ್ ನಿಲ್ದಾಣದವರೆಗೆ ಹೋಗುವುದು, ಕೆಮ್ಮು ಬಂದರೆ ಹೆದರಿ ಮನೆಗೆ ಮರಳುವುದು, ಮತ್ತೆ ಚೀಲ ಹಿಡಿಯುವುದು, ಇದೇ ನನ್ನ ದಿನಚರಿಯಾಯಿತು. ಹೋಗದಿದ್ದರೆ ಸಂಕಟ, ಹೋದರೆ ಭಯ.

"ಮಾಸ್ಕ್ ಹಾಕ್ಕೊಂಡು ಹೋಗ್ರಿ" ಎಂದಳು ಹೆಂಡತಿ. ಕೋವಿಡ್ ಕಾಲದ ಬಟ್ಟೆಯ ಮಾಸ್ಕು ದೊಡ್ಡ ಹನಿಗಳನ್ನೇನೋ ತಡೆದೀತು. ಉಸಿರಿನ ಜೊತೆ ಹೊರಬಿದ್ದು ಗಾಳಿಯಲ್ಲೇ ತೇಲುವ ಸೂಕ್ಷ್ಮ ಕಣಗಳು ಅದರಲ್ಲಿ ಸಲೀಸಾಗಿ ನುಸುಳುತ್ತವೆ. ಅದಕ್ಕೇ ಔಷಧದಂಗಡಿಯಿಂದ ಎನ್-ತೊಂಬತ್ತೈದು ಮಾಸ್ಕು ತಂದೆ. ಆದರೆ ಅಂಚಿನಲ್ಲಿ ಸಂದಿಯಿದ್ದರೆ ಅದೂ ವ್ಯರ್ಥ. ಸಂದಿಯಿದೆಯೋ ಇಲ್ಲವೋ ತಿಳಿಯುವುದು ಹೇಗೆಂದು ನಾನು ಚಡಪಡಿಸುತ್ತಿರುವಾಗ, ಹೆಂಡತಿ ಕಾದ ಎಣ್ಣೆಗೆ ಒಂದು ಹಿಡಿ ಮೆಣಸಿನಕಾಯಿ ಮುರಿದುಹಾಕಿ, ಮಾಸ್ಕ್ ತೊಡಿಸಿ ನನ್ನನ್ನು ಒಲೆಯ ಮುಂದೆ ನಿಲ್ಲಿಸಿದಳು. ಸೀನಿ, ಕೆಮ್ಮಿ, ಹಿತ್ತಲಿಗೆ ಓಡಿದೆ.

"ನಿಮ್ಮ ಗಡ್ಡ ನೋಡ್ರಿ, ಮಾಸ್ಕ್ ಮಾರಿಗೆ ಕೂಡಾಕ ಬಿಡವಲ್ದು. ಘಾಟು ಒಳಗ ಬಂತಂದ್ರ ನಿಮ್ಮ ಕೆಮ್ಮು ಹೊರಗ ಹೋಕ್ಕತಿ."

ನನ್ನ ಗಡ್ಡ! ಕಾಲೇಜಿನಲ್ಲಿ ಪಾಠ ಶುರುಮಾಡಿದಾಗ ಗಾಂಭೀರ್ಯಕ್ಕೆಂದು ಬಿಟ್ಟದ್ದು. ಜ್ಞಾನದ ಕೊರತೆಯನ್ನು ಅಷ್ಟು ವರ್ಷ ಮುಚ್ಚಿದ ಅದೇ, ನೀವು ನಗುವುದಾದರೆ ನಗಿ, ನನ್ನ ಮೊದಲ ಮಾಸ್ಕು. ಇಡೀ ಮಧ್ಯಾಹ್ನ ಕನ್ನಡಿಗೂ ಬಾಗಿಲಿಗೂ ಅಲೆದಾಡಿ ಕೊನೆಗೆ ಬೋಳಿಸಿದೆ. ಮತ್ತೆ ಒಲೆಯ ಮುಂದೆ ನಿಂತರೆ ಕಣ್ಣು ಉರಿದವು, ಮೂಗು ಸುಮ್ಮನಿತ್ತು.

ಹರಪನಹಳ್ಳಿಯಲ್ಲಿ ಕಿಟಕಿಗಳನ್ನೆಲ್ಲ ತೆರೆಸಿ, ಪಡಸಾಲೆಯ ಆ ತುದಿಯಲ್ಲಿ ಕೂತೆ. ತಲೆಗೂದಲೆಲ್ಲ ಉದುರಿದ್ದ ಅಕ್ಕ ನಕ್ಕಳು: "ನನ್ನ ಕೂದ್ಲು ಹೋಗ್ಯಾವಂತ ನೀನೂ ಗಡ್ಡ ತಗಿಸಿದೇನಲೇ? ಮಾಸ್ಕ್ ತಗಿ, ನೋಡೋಣು." ಆಗದು ಎಂದೆ. ಅವಳ ಮುಖ ಸಪ್ಪಗಾಯಿತು. ಅದನ್ನು ನೋಡಲಾಗದೆ ಎದ್ದು, ಅಂಗಳ ದಾಟಿ ರಸ್ತೆಯ ಆಚೆ ಬದಿಗೆ ಹೋಗಿ ನಿಂತು ಮಾಸ್ಕ್ ಇಳಿಸಿದೆ.

ಬಾಗಿಲಿಗೆ ಬಂದು ನಿಂತ ಅಕ್ಕ ಬಹಳ ಹೊತ್ತು ನೋಡಿದಳು.

"ಥೇಟ್ ಅವ್ವನ ಮಾರಿ ಐತಲ್ಲೋ!" ಎಂದು ಅಲ್ಲಿಂದಲೇ ಕೂಗಿದಳು. "ಇಷ್ಟು ವರ್ಷ ಎಲ್ಲಿ ಮುಚ್ಚಿಟ್ಟಿದ್ದಿ?"

ಆ ಹೊತ್ತಿನಲ್ಲಿ ಓಣಿಯ ಯಾವ ಮನೆಯಲ್ಲೂ ಒಗ್ಗರಣೆ ಬಿದ್ದಿರಲಿಲ್ಲ, ಆದರೂ ನನ್ನ ಕಣ್ಣು ಉರಿದವು. ಅವಸರವಸರವಾಗಿ ಮಾಸ್ಕ್ ಏರಿಸಿಕೊಂಡೆ. ಆದರೆ ಅದು ಮೂಗನ್ನಷ್ಟೇ ಕಾಯುತ್ತದೆ, ಕಣ್ಣನ್ನಲ್ಲ.