ಹನ್ನೊಂದು ಹೆಸರಿಗಾಗಿ ನಿಂತ ದಂಡು

ಮೇಷ್ಟ್ರ ನಡುಬೆರಳಿನ ಗೆಣ್ಣಿನ ಮೇಲೆ ಕಡಲೆಕಾಳಿನಷ್ಟು ದಪ್ಪ ಗಂಟಿತ್ತು. ಪೆನ್ನು ಒತ್ತಿ ಒತ್ತಿ ಆದದ್ದು. ಅಷ್ಟು ಬರೆದೂ ಅವರ ಪುಸ್ತಕ ಮುಗಿಯಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ ಅವರದು ನಮ್ಮ ಎದುರು ಮನೆ. ಧಾರವಾಡದ ಕಡೆಯವರು, ಇಲ್ಲಿನ ಕಾಲೇಜಿನಲ್ಲಿ ಚರಿತ್ರೆ ಪಾಠ ಹೇಳಿ ನಿವೃತ್ತರಾದವರು. ತೆಲುಗಿನ ಹೆಂಡತಿ ತೀರಿಹೋಗಿದ್ದರು. ಎರಡನೇ ಮಹಾಯುದ್ಧದಲ್ಲಿ ಫ್ರೆಂಚರ ಒಂದು ಟ್ಯಾಂಕು ದಂಡು ಆಫ್ರಿಕಾದ ಮರಳಿನಿಂದ ಹೊರಟು, ಹಡಗೇರಿ, ಜರ್ಮನರು ಹಿಡಿದಿದ್ದ ಪ್ಯಾರಿಸ್ಸಿಗೆ ವಾಪಸು ಬಂತಂತೆ. ಅದನ್ನು ಕನ್ನಡದಲ್ಲಿ ಬರೆಯಬೇಕೆಂಬುದು ಮೇಷ್ಟ್ರ ಹಟ. ಸೋತವರು ತಮ್ಮ ಮನೆಗೆ ತಾವೇ ನಡೆದು ಬಂದ ಕಥೆ ಎನ್ನುತ್ತಿದ್ದರು.

ನಾನು ಊರ ಕನ್ನಡ ಶಾಲೆಯಲ್ಲಿ ಓದಿದ್ದು ನಾಲ್ಕನೇ ಕ್ಲಾಸು. ಅದಕ್ಕೇ ಬರೆದದ್ದನ್ನು ನನ್ನೆದುರು ಓದುವರು. ನನಗೆ ತಿಳಿಯದ ಪುಟ ಹರಿಯುವರು. ನಾನು ಹುಣಸೆಹಣ್ಣು ಬಿಡಿಸುತ್ತಿದ್ದರೆ, ಬೀಜ ಎತ್ತಿಕೊಂಡು ಪ್ಯಾರಿಸ್ಸಿನ ತನಕ ಟ್ಯಾಂಕು ಸಾಲಿಟ್ಟು ತೋರಿಸುವರು. ತುಳಿದೀರಿ ಜೋಕೆ ಎಂದು ಗದರುವರು, ಅದೂ ನನ್ನ ಮನೆಯಲ್ಲಿ.

ಒಂದು ದಿನ ದಂಡು ಹಡಗು ಹತ್ತುವ ಭಾಗ ಓದಿದರು. ಮರಳಲ್ಲಿ ಜೊತೆಗೆ ಕಾದಾಡಿದ ಆಫ್ರಿಕಾದ ಸಿಪಾಯಿಗಳ ಸುದ್ದಿಯೇ ಇಲ್ಲ. ಅವರೆಲ್ಲಿ ಹೋದರು ಎಂದು ಕೇಳಿದೆ. ಮೇಷ್ಟ್ರು ಬೀಜಗಳನ್ನು ಆಚೀಚೆ ಸರಿಸಿದರು.

"ಅವರನ್ನ ದಂಡಿನಾಗಿಂದ ತಗದ್ರು. ಕರ್ರಗ ಅದಾರ ಅಂತ."

"ಹಂಗಂತ ಬರೀರಿ ಮೇಷ್ಟ್ರೇ. ಒಂದು ಸಾಲು."

"ಒಂದ ಸಾಲಿನ್ಯಾಗ ಮುಗಿಸಿದ್ರ ನಾನೂ ಅವರನ್ನ ಬಿಟ್ಟು ಹೋದಂಗ ಆತಲ್ರಿ, ಅಕ್ಕಾರ."

ಅಲ್ಲಿಗೆ ಪುಸ್ತಕ ನಿಂತಿತು. ಆ ಸಿಪಾಯಿಗಳ ಹೆಸರು ಹುಡುಕಲು ಹೊರಟರು. ಎಲ್ಲೆಲ್ಲಿಗೋ ಕಾಗದ, ಈಮೇಲು. ಉತ್ತರ ಬಂದರೆ ಫ್ರೆಂಚಿನಲ್ಲಿ. ಅದನ್ನು ಫ್ರೆಂಚ್ ಬಲ್ಲವರಿಂದ ಓದಿಸಲು ಊರಂಚಿನ ಮಧುರವಾಡದ ತನಕ ಬಸ್ಸು. ಮೊದಲು ದಂಡನ್ನು ಪ್ಯಾರಿಸ್ ಮುಟ್ಟಿಸಿ, ಆಮೇಲೆ ಹುಡುಕಿ ಎಂದು ಬೈದೆ. ಕೇಳಲಿಲ್ಲ. ಆರು ವರ್ಷಕ್ಕೆ ಹನ್ನೊಂದು ಹೆಸರು ಸಿಕ್ಕವು. ಅಷ್ಟರಲ್ಲಿ ಕಣ್ಣು ಹೋಯಿತು. ಮಗಳು ವಿಜಯವಾಡಕ್ಕೆ ಕರೆದೊಯ್ದಳು, ಅಲ್ಲೇ ತೀರಿಹೋದರು.

ನೋಟುಬುಕ್ಕುಗಳನ್ನು ಅವಳು ನನಗೆ ತಂದುಕೊಟ್ಟಳು. ಅವಳಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬಾರದು. ಭಾನುವಾರ ಫೋನಿನಲ್ಲಿ ಓದಿ ಹೇಳುತ್ತೇನೆ. ಮೊನ್ನೆ ಹನ್ನೊಂದು ಹೆಸರೂ ಓದಿದೆ. ಮುಂದೆ ಖಾಲಿ ಹಾಳೆ. ಅಪ್ಪನನ್ನು ಅವಳು ತೆಲುಗಿನಲ್ಲಿ ನಾನ್ನ ಎನ್ನುವುದು.

"ಆಮೇಲೆ, ಆಂಟಿ? ನಾನ್ನ ಪ್ಯಾರಿಸ್ ಮುಟ್ಟಲೇ ಇಲ್ವಾ?"

ಬೀಜವಿಟ್ಟು ತೋರಿಸಿದ್ದು ನೆನಪಿತ್ತು. ದಂಡನ್ನು ಬಾಯಲ್ಲೇ ಹೇಳಿ ಪ್ಯಾರಿಸ್ ಮುಟ್ಟಿಸಿದೆ. ಬರೆದಿಡಿ ಎಂದಳು.

ಬರೆಯುತ್ತಿದ್ದೇನೆ. ದಿನಕ್ಕೆ ಅರ್ಧ ಪುಟ, ಅದರಲ್ಲೂ ಒತ್ತಕ್ಷರ ತಪ್ಪು. ಬೆರಳು ನೋಯುತ್ತದೆ, ಮೇಷ್ಟ್ರೇ.